ಸಂಜೆ ಜ್ವರಕ್ಕೆ ಹೆಸರು ಸಿಗುವಷ್ಟರಲ್ಲಿ

ಮೊನ್ನೆ ಹೊನವಾಡದಿಂದ ಒಬ್ಬ ಹೆಣ್ಣುಮಗಳು ಯಾರಿಂದಲೋ ನನ್ನ ನಂಬರು ಇಸಿದುಕೊಂಡು ಫೋನ್ ಮಾಡಿದಳು. ಅವಳ ತಮ್ಮ ಕುರಿ ಸಾಕುವವನು. ನನಗೆ ಬಂದಿದ್ದ ರೋಗವೇ ಅವನಿಗೂ ಬಂದಿದೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿದೆ. "ಅಕ್ಕಾರ, ಇದು ಆರಾಮ ಆಗ್ತೈತೇನ್ರಿ? ಅಂವ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ. ಯಾರ ಜೋಡಿನೂ ಮಾತಾಡವಲ್ಲ" ಎಂದಳು. ಆರಾಮ ಆಗುತ್ತದೆ, ಜ್ವರ ಇಳಿಯಿತೆಂದು ನಡುವೆ ಗುಳಿಗೆ ಬಿಡಬೇಡಿ, ಎಂದೆ. ಅಷ್ಟು ಹೇಳಿ ಫೋನ್ ಇಟ್ಟೆ. ನಾನೂ ಹಾಗೆಯೇ ಗೋಡೆಗೆ ಮುಖ ಮಾಡಿ ಮಲಗಿದ್ದವಳು ಎಂದು ಅವಳಿಗೆ ಹೇಳಲಿಲ್ಲ. ಹೇಳಲು ಹೊರಟರೆ ಬರೀ ನನ್ನ ಕಥೆಯಾಗಿ ಅದು ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಮೆಹರುನ್ನಿಸಾ. ಊರು ಕಳ್ಳಕವಟಗಿ. ಗಂಡ ದಾವಲ್ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಷೀನು ಹಾಕಿಕೊಂಡು ಜಂಪರು, ಲಂಗ, ಸಾಲಿ ಮಕ್ಕಳ ಡ್ರೆಸ್ಸು ಹೊಲಿಯುತ್ತೇನೆ. ಪಕ್ಕದ ಮನೆ ಗಂಗವ್ವನದು. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಗಂಗಕ್ಕ ಎನ್ನುತ್ತೇನೆ. ಗಂಡ ಸತ್ತ ಮೇಲೆ ಆಡು ಸಾಕಿ ಮಗ ಪರಸುನನ್ನು ಬೆಳೆಸಿದಳು. ಅವನಿಗೆ ಬಬಲೇಶ್ವರದಿಂದ ಹೆಣ್ಣು ತಂದಿದ್ದರು. ಆ ಸೊಸೆಯೇ ಸಾವಿತ್ರಿ. ಮನೆಗೆಲಸ ಮುಗಿಸಿ ಮಧ್ಯಾಹ್ನ ನನ್ನ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದಳು. ಹುಕ್ಕು ಹಚ್ಚುವುದರಲ್ಲಿ ಅವಳ ಕೈ ನನ್ನದಕ್ಕಿಂತ ಚಲೋ ಇತ್ತು.

ಸಂಕ್ರಾಂತಿಯ ಹೊತ್ತಿಗೆ ನನಗೆ ಮೊದಲ ಜ್ವರ ಬಂತು. ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ, ನೀರು ತುಂಬುತ್ತಿದ್ದೆ. ಹೊತ್ತು ಇಳಿಯತೊಡಗಿದರೆ ಬೆನ್ನಿನಲ್ಲಿ ತಣ್ಣಗೆ ಏನೋ ಹರಿದಂತಾಗಿ ಹಲ್ಲು ಕಟಕಟ ಅನ್ನುತ್ತಿದ್ದವು. ಆಮೇಲೆ ಮೈ ಹೆಂಚಿನಂತೆ ಕಾಯುವುದು, ಆಮೇಲೆ ಬೆವರು. ಅದು ಬಿಸಿಲಿನ ಬೆವರಿನ ಹಾಗಲ್ಲ. ಹಾಸಿದ ಕೌದಿ ಹಿಂಡಿದರೆ ನೀರು ಬರುವಷ್ಟು, ಒಂದು ಥರ ಹುಳಿ ವಾಸನೆಯ ಬೆವರು. ಟಿಕೋಟಾದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ವಿಷಮಜ್ವರ ಇರಬೇಕೆಂದು ಗುಳಿಗೆ ಕೊಟ್ಟರು. ಜ್ವರ ಇಳಿಯಿತು. ಪುಣ್ಯ ಎಂದುಕೊಂಡೆ. ಸ್ವಲ್ಪ ದಿನ ಬಿಟ್ಟು ಮತ್ತೆ ಬಂತು. ಹೀಗೆ ಬರುವುದು, ಹೋಗುವುದು. ಹೋದಾಗ ನಾವೆಲ್ಲ ಅದನ್ನು ಮರೆಯುತ್ತಿದ್ದೆವು, ಆಗ ಅದು ಬರುತ್ತಿತ್ತು.

ಅದೇ ದಿನಗಳಲ್ಲಿ ಸಾವಿತ್ರಿಯ ಬಸಿರು ಹೋಯಿತು. ಐದು ತಿಂಗಳು ತುಂಬಿದ ಬಸಿರು. ವಿಜಯಪುರಕ್ಕೆ ಒಯ್ದು ಕರೆತಂದರು. ಆ ವಾರ ನನಗೆ ಜ್ವರ ಏರಿತ್ತು, ಎದ್ದು ಹೋಗಿ ಅವಳನ್ನು ನೋಡಲು ಆಗಲಿಲ್ಲ. ಗೋಡೆಯ ಆಚೆಯ ಗಂಗಕ್ಕನ ಮಾತು ಮಾತ್ರ ನನ್ನ ಹಾಸಿಗೆಗೆ ಕೇಳುತ್ತಿತ್ತು. ಕೊಡ ಎತ್ತಬೇಡ ಅಂದಿದ್ದೆ, ಕೇಳಲಿಲ್ಲ. ಮಷೀನು ತುಳಿಯಬೇಡ ಅಂದಿದ್ದೆ, ಕೇಳಲಿಲ್ಲ. ಬಸ್ಸಿನಲ್ಲಿ ತವರಿಗೆ ಹೋಗಿಬಂದಳು, ಅದಕ್ಕೇ ಹಿಂಗಾತು. ದಿನಕ್ಕೊಂದು ಕಾರಣ ಹುಟ್ಟುತ್ತಿತ್ತು, ಎಲ್ಲ ಕಾರಣವೂ ಸಾವಿತ್ರಿಯೇ. ಅವಳ ದನಿ ಮಾತ್ರ ನನಗೆ ಒಮ್ಮೆಯೂ ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಬಾಣಂತನಕ್ಕೆ ಅಲ್ಲ, ವಿಶ್ರಾಂತಿಗೂ ಅಲ್ಲ. ಗಂಗಕ್ಕ ಹೇಳಿ ಕಳಿಸಿದ್ದು "ಸ್ವಲ್ಪ ದಿನ ಇರಲಿ" ಎಂದು. ಹೋಗುವ ಮುಂಚೆ ನನ್ನ ಬಾಗಿಲಿಗೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕಾ, ನಿಮ್ಮ ಜ್ವರ ಹೋತೇನು?"

"ಹೋಗಿ ಬರಾಕತ್ತೈತಿ. ನೀ ಹೋಗಿ ಜಲ್ದಿ ಬಾ."

ಅವಳು ನಕ್ಕಳು. ಬರುತ್ತೇನೆ ಎನ್ನಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ನೋವು ಸೊಂಟಕ್ಕೆ ಇಳಿದಿತ್ತು. ಎಡಗಡೆ, ಕಾಲು ಕೂಡುವ ಜಾಗದಲ್ಲಿ. ಮಷೀನಿನ ಪೆಡಲು ಒಂದು ಸಲ ತುಳಿದರೆ ಕಣ್ಣಲ್ಲಿ ನೀರು. ಮದುವೆ ದಿನಗಳು, ಜನ ಕೊಟ್ಟ ಅರಿವೆ ಕಟ್ಟಿನ ಮೇಲೆ ಕಟ್ಟು ಬಿದ್ದಿತ್ತು. ಒಬ್ಬೊಬ್ಬರಾಗಿ ಬಂದು ಹೊಲಿಯದ ಬಟ್ಟೆ ವಾಪಸು ಒಯ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನಿಸುತ್ತಿತ್ತು.

ಅತ್ತೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು. ಅದರಲ್ಲಿ ನನ್ನ ಕೆಮ್ಮನ್ನು ಮಾತ್ರ ಹಿಡಿದು ನಾದಿನಿ ಕ್ಷಯ ಇರಬಹುದು ಎಂದಳು. ನನ್ನ ತಾಟು, ಗ್ಲಾಸು ಬೇರೆಯಾದವು. ನನ್ನ ಮಗಳನ್ನು ನನ್ನ ಪಕ್ಕ ಮಲಗಿಸುವುದು ನಿಂತಿತು. ವಿಜಯಪುರಕ್ಕೆ ಹೋಗಿ ಎದೆಯ ಫೋಟೋ, ಕಫದ ಪರೀಕ್ಷೆ ಮಾಡಿಸಿದೆವು. ಕ್ಷಯ ಇಲ್ಲ ಎಂದರು. ಆ ದಿನ ದಾವಲ್ ಖುಷಿಯಿಂದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿದರು. ನಾನು ಮಾತ್ರ ಆ ದಿನವೇ ಹೆದರಿದ್ದು. ರೋಗಕ್ಕೆ ಒಂದು ಹೆಸರಿದ್ದರೆ ಜನ ದೂರವಾದರೂ ನಂಬುತ್ತಾರೆ. ಹೆಸರಿಲ್ಲದ ರೋಗವನ್ನು ಮನೆಯವರೂ ಎಷ್ಟು ದಿನ ನಂಬಿಯಾರು? "ರಿಪೋರ್ಟಿನ್ಯಾಗ ಏನೂ ಇಲ್ಲ" ಎಂಬ ಮಾತು ನಿಧಾನವಾಗಿ "ಇಕಿಗೆ ಏನೂ ಇಲ್ಲ" ಆಯಿತು. ಆಮೇಲೆ "ಕೆಲಸ ಅಂದ್ರ ಸಾಕು, ಸೊಂಟ ಹಿಡೀತೈತಿ" ಆಯಿತು. ನಮ್ಮ ಮನೆಯೊಳಗಿನ ಮಾತು ಉರ್ದು. ಆದರೆ ಆ ಮಾತು ಯಾವ ಭಾಷೆಯಲ್ಲಿ ಬಂದರೂ ಚುಚ್ಚುವುದು ಒಂದೇ ಥರ.

ನಾನು ಗೋಡೆಗೆ ಮುಖ ಮಾಡಿದ್ದು ಆಗಲೇ. ಯಾರು ಕರೆದರೂ ತಿರುಗಬೇಕು ಅನಿಸುತ್ತಿರಲಿಲ್ಲ. ಈ ರೋಗ ಮನಸ್ಸನ್ನೂ ಹಿಡಿಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಆಗ ಗೊತ್ತಿರಲಿಲ್ಲ, ನಾನೇ ಕೆಟ್ಟು ಹೋದೆ ಎಂದುಕೊಂಡಿದ್ದೆ.

ಆ ತಿಂಗಳುಗಳಲ್ಲಿ ಒಂದು ದಿನವೂ ತಪ್ಪಿಸದೆ ಬಂದವಳು ಗಂಗಕ್ಕ. ಸಂಜೆ ಆಡು ಹಿಂಡಿ, ನೊರೆ ಆರುವ ಮೊದಲೇ ಒಂದು ಚರಗಿ ಹಾಲು ತಂದು ನನ್ನ ತಲೆಯ ಹತ್ತಿರ ಕೂಡುತ್ತಿದ್ದಳು. "ಆಡಿನ ಹಾಲು ತಂಪ, ಮೆಹರೂ. ಕಾಯಿಸಿದ್ರ ಸತುವು ಹೋಗ್ತೈತಿ, ಹಸೀದ ಕುಡಿ" ಎನ್ನುತ್ತಿದ್ದಳು. ನಾನು ಕುಡಿಯುವವರೆಗೆ ಏಳುತ್ತಿರಲಿಲ್ಲ. ಅವಳ ಪ್ರೀತಿಯಲ್ಲಿ ಏನೂ ಬೆರಕೆ ಇರಲಿಲ್ಲ. ಇವತ್ತಿಗೂ ಆ ಚರಗಿ ನೆನಪಾದರೆ ನನಗೆ ಸಿಟ್ಟು ಬರುವುದಿಲ್ಲ.

ಕಾರ ಹುಣ್ಣಿಮೆ ಕಳೆದ ಮೇಲೆ ದಾವಲ್ ಯಾರ ಮಾತನ್ನೂ ಕೇಳದೆ ನನ್ನನ್ನು ಮತ್ತೆ ವಿಜಯಪುರದ ದೊಡ್ಡ ದವಾಖಾನೆಗೆ ಕರೆದೊಯ್ದರು. ಅತ್ತೆಯೂ ಬಂದರು. ಬಸ್ಸಿನಲ್ಲಿ ಕೂಡಲು ಆಗದೆ ನಾನು ಕಂಬ ಹಿಡಿದು ನಿಂತಿದ್ದು ನೋಡಿ ಕಂಡಕ್ಟರು ಹಿಂದಿನ ಸೀಟು ಖಾಲಿ ಮಾಡಿಸಿ "ಅಡ್ಡ ಆಗ್ರಿ ಅಕ್ಕಾರ" ಎಂದರು. ದವಾಖಾನೆಯ ಹೊರಗಿನ ಬೆಂಚಿನ ಹತ್ತಿರ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದೆವು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ನನ್ನ ಕೈಗಿಟ್ಟಳು. ಏನಾಗಿದೆ ಎಂದು ಕೇಳಲಿಲ್ಲ. ತಿಂಗಳುಗಟ್ಟಲೆ ಎಲ್ಲರೂ ಅದನ್ನೇ ಕೇಳಿದ್ದರಿಂದ, ಕೇಳದೆ ಇದ್ದದ್ದೇ ದೊಡ್ಡ ಉಪಕಾರವಾಯಿತು.

ಒಳಗಿದ್ದ ಡಾಕ್ಟರು ಕಿರಿ ವಯಸ್ಸಿನ ಹೆಣ್ಣುಮಗಳು. ಹಳೆಯ ಚೀಟಿಗಳನ್ನೆಲ್ಲ ಪಕ್ಕಕ್ಕಿಟ್ಟು ಮೊದಲಿನಿಂದ ಕೇಳಿದರು. ಜ್ವರ ಯಾವ ಹೊತ್ತಿಗೆ, ಬೆವರು ಹೇಗೆ, ನೋವು ಎಲ್ಲಿ.

"ಮನಿಯಾಗ ದನಾ ಕರಾ, ಆಡು ಕುರಿ ಅದಾವೇನ್ರಿ?"

"ಇಲ್ರಿ. ನಂದು ಹೊಲಿಗಿ ಕೆಲಸ."

ಡಾಕ್ಟರು ಬರೆಯಲು ತಲೆ ತಗ್ಗಿಸಿದರು. ಹಿಂದೆ ನಿಂತಿದ್ದ ಅತ್ತೆಗೆ ಅಷ್ಟರಲ್ಲಿ ತಮ್ಮ ಹಳೆಯ ದೂರು ನೆನಪಾಯಿತು. "ಮನಿಯಾಗ ಇಲ್ರಿ. ಆದ್ರ ಓಣ್ಯಾಗ ಯಾರ ಆಡು ಈಯಾಕ ತ್ರಾಸ ಆದ್ರೂ ಇಕಿನ್ನ ಕರೀತಾರ. ಕೈ ಸಣ್ಣು ಅದಾವಲ್ರಿ, ಒಳಗ ಕೈ ಹಾಕಿ ಮರಿ ಹೊಳ್ಳಿಸ್ತಾಳ. ಬ್ಯಾಡ ಅಂದ್ರ ಕೇಳೂದಿಲ್ಲ."

ಡಾಕ್ಟರ ಪೆನ್ನು ನಿಂತಿತು. "ಇತ್ತೀಚಿಗೆ ಯಾವ ಆಡರ ಕಂದು ಹಾಕಿತ್ತೇನು?"

ದಿನ ತುಂಬುವ ಮೊದಲೇ ಸತ್ತ ಮರಿ ಹಾಕುವುದಕ್ಕೆ ನಮ್ಮಲ್ಲಿ ಕಂದು ಹಾಕುವುದು ಎನ್ನುತ್ತಾರೆ. ನನಗೆ ದೀಪಾವಳಿಯ ನಂತರದ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ಗಂಗಕ್ಕನ ಆಡು ತಿಣುಕುತ್ತ ಬಿದ್ದಿತ್ತು. ಗಂಗಕ್ಕ ತಲೆ ಹಿಡಿದಿದ್ದಳು. ಹಿಂಗಾಲು ಹಿಡಿದವಳು ಬಸುರಿ ಸಾವಿತ್ರಿ. ನಾನು ಬರಿಗೈಯಲ್ಲಿ ಸತ್ತ ಮರಿ ಎಳೆದೆ, ಮಾಸು ತೆಗೆದೆ. ನೀರು ಚಿಮ್ಮಿ ನನ್ನ ಮೇಲೂ ಸಾವಿತ್ರಿಯ ಮೇಲೂ ಬಿತ್ತು. ಸೆರಗಿನಿಂದ ಒರೆಸಿಕೊಂಡು ಚಹಾ ಕುಡಿದೆವು. ಅದೇ ವಾರ ಗಂಗಕ್ಕನ ಇನ್ನೆರಡು ಆಡುಗಳು ಕಂದು ಹಾಕಿದವು.

ರಕ್ತ ತೆಗೆದರು. ಫಲಿತಾಂಶ ಬಂದಾಗ ಡಾಕ್ಟರು ಒಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿ, "ಕಂದು ರೋಗ ಅಂತೀವಿ. ದನಗಳಿಂದ, ಆಡು ಕುರಿಗಳಿಂದ ಮನುಷ್ಯಾರಿಗೆ ಬರ್ತೈತಿ. ಔಷಧ ಐತ್ರಿ, ಆರಾಮ ಆಗ್ತೀರಿ" ಎಂದರು. ನಾನು ಅತ್ತುಬಿಟ್ಟೆ. ದಾವಲ್ ಹೆದರಿದರು. ಅದು ಹೆದರಿಕೆಯ ಅಳುವಲ್ಲ. ನನ್ನ ರೋಗ ನಿಜ ಎಂದು ಒಬ್ಬರು ಹೇಳಿದ್ದಕ್ಕೆ ಬಂದ ಅಳು. ಅತ್ತೆ ವಾಪಸು ಬರುವ ದಾರಿಯುದ್ದಕ್ಕೂ ನನ್ನ ಕೈಚೀಲ ತಾವೇ ಹಿಡಿದುಕೊಂಡಿದ್ದರು. ಆ ರಾತ್ರಿ ನನ್ನ ತಾಟು ಮತ್ತೆ ಎಲ್ಲರ ತಾಟುಗಳ ಜೊತೆ ಸೇರಿತು. ಮಗಳು ಪಕ್ಕಕ್ಕೆ ಬಂದು ಮಲಗಿದಳು.

ಒಂದೂವರೆ ತಿಂಗಳು ಗುಳಿಗೆ. ಒಂದು ಗುಳಿಗೆಯಿಂದ ಮೂತ್ರ ಕೆಂಪಾಗುತ್ತಿತ್ತು. ಮೊದಲೇ ಹೇಳಿದ್ದರೂ ಮೊದಲ ದಿನ ದಾವಲ್ ಅವರನ್ನು ಕೂಗಿ ಕರೆದೆ. ಇನ್ನೊಂದರಿಂದ ಹೊಟ್ಟೆಯಲ್ಲಿ ಉರಿ. ಜ್ವರ ಬೇಗ ಇಳಿಯಿತು, ಸೊಂಟದ ನೋವು ಹಟ ಹಿಡಿಯಿತು. ಅದು ಇವತ್ತಿಗೂ ಮೋಡ ಕವಿದ ದಿನ ಬಂದು ಮಾತಾಡಿಸಿ ಹೋಗುತ್ತದೆ.

ಆದರೆ ರೋಗ ನನ್ನಲ್ಲಿಗೇ ನಿಲ್ಲುವಂಥದ್ದಾಗಿರಲಿಲ್ಲ. ಆರೋಗ್ಯ ಇಲಾಖೆಯವರು ಬರುತ್ತಾರೆ, ದನಗಳ ಡಾಕ್ಟರೂ ಬರುತ್ತಾರೆ ಎಂದು ದವಾಖಾನೆಯಲ್ಲೇ ಹೇಳಿದ್ದರು. ಅವರಿಗಿಂತ ಮೊದಲು ನಾನೇ ಹೋಗಿ ಗಂಗಕ್ಕನಿಗೆ ಹೇಳಿದೆ. ಹಾಲು ಕಾಯಿಸಿಯೇ ಕುಡಿಯಬೇಕು, ಆಡುಗಳ ರಕ್ತ ನೋಡುತ್ತಾರೆ, ಎಂದೆ. ಅವಳು ಮೇವು ಹಾಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಇಷ್ಟು ದಿನಾ ನಾ ನಿನಗ ಇಷಾ ಕುಡಿಸೀನಿ ಅಂತೀಯೇನು?"

"ಹಂಗ ಅನ್ನಾಕತ್ತಿಲ್ಲ ಗಂಗಕ್ಕ. ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

"ಗೊತ್ತಾತಲ್ಲ ಈಗ. ಹೋಗು."

ಜೀಪು ಬಂದಾಗ ಓಣಿಯ ಜನವೆಲ್ಲ ಸೇರಿದರು. ಆರೋಗ್ಯ ನಿರೀಕ್ಷಕರು ಬಹಳ ಮೆತ್ತಗೆ ಮಾತಾಡಿದರು. ಆಶಾ ಕಾರ್ಯಕರ್ತೆ ಸರೋಜಾ ಮನೆಮನೆಗೆ ಹೋಗಿ ಯಾರಿಗೆ ಸಂಜೆ ಜ್ವರ, ಯಾರು ಹಸಿ ಹಾಲು ಕುಡಿದಿದ್ದಾರೆ ಎಂದು ಕೇಳಿದಳು. ಕೆಲವರು ರಕ್ತಪರೀಕ್ಷೆಗೆ ತೋಳು ಚಾಚಿದರು, ಕೆಲವರು ಬಾಗಿಲು ಹಾಕಿಕೊಂಡರು. ಆಡಿನ ಕೊಟ್ಟಿಗೆಯ ಮುಂದೆ ನಿಂತು ನಿರೀಕ್ಷಕರು ಗಂಗಕ್ಕನನ್ನು ಕೇಳಿದರು. "ಆವತ್ತ ಆಡು ಕಂದು ಹಾಕಿದಾಗ ಇಲ್ಲಿ ಯಾರ್ ಯಾರ್ ಇದ್ರಿ?"

"ನಾ, ಮೆಹರು. ಮತ್ತ ಯಾರೂ ಇರಲಿಲ್ಲ."

ಅವಳು ಯಾಕೆ ಹಾಗೆಂದಳು ಎಂದು ನಾನು ಬಹಳ ಯೋಚಿಸಿದ್ದೇನೆ. ಸೊಸೆ ತವರಿಗೆ ಹೋದ ಮೇಲೆ ಆ ಹೆಸರನ್ನು ಮನೆಯಲ್ಲಿ ಎತ್ತುವುದೇ ಬಿಟ್ಟಿದ್ದರು. ಪರಸುಗೆ ಬೇರೆ ಹೆಣ್ಣು ನೋಡುವ ಮಾತು ಹಿರಿಯರಲ್ಲಿ ನಡೆದಿತ್ತು. ಅಥವಾ ಅವಳಿಗೆ ಆ ಕ್ಷಣದಲ್ಲೇ ಎಲ್ಲ ಹೊಳೆದು ಹೆದರಿಕೆಯಾಗಿತ್ತೋ ಏನೋ.

"ಸಾವಿತ್ರಿ ಇದ್ದಳ್ರಿ" ಎಂದೆ ನಾನು. "ಇವರ ಸೊಸಿ. ಕಾಲು ಹಿಡದಾಕಿ ಅಕಿನ. ಆವಾಗ ಬಸುರಿದ್ದಳು. ಈಗ ಬಬಲೇಶ್ವರದಾಗ ಅದಾಳ."

ನಿರೀಕ್ಷಕರು ಗಂಗಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. ಮತ್ತೇನೂ ಕೇಳದೆ ಬರೆದುಕೊಂಡರು.

ಗಂಗಕ್ಕನ ಅರ್ಧದಷ್ಟು ಆಡುಗಳಲ್ಲಿ ರೋಗ ಸಿಕ್ಕಿತು. ಅವನ್ನು ಬೇರೆ ಕಟ್ಟಬೇಕು, ಮಾರಬಾರದು, ಹೋತಕ್ಕೆ ಬಿಡಬಾರದು ಎಂದರು. ಕಂದು ಬಿದ್ದರೆ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು ಎಂದರು. ಕಾಯಿಸಿದ ಹಾಲಿಗೆ ಭಯವಿಲ್ಲ ಎಂದು ಸರೋಜಾ ಎಷ್ಟು ಹೇಳಿದರೂ ಅವಳ ಹಾಲನ್ನು ಕೊಳ್ಳುವವರು ನಿಂತರು. ಚಲೋ ಆಡಿನ ಮರಿಗೂ ಗಿರಾಕಿ ಬರಲಿಲ್ಲ. "ನನ್ನ ಹೊಟ್ಟಿ ಮ್ಯಾಲ ಹೊಡದಿ, ಮೆಹರೂ" ಎಂದು ಒಂದು ದಿನ ಗೋಡೆಯ ಆಚೆಯಿಂದ ಅಂದಳು. ಗೋಡೆಯ ಈಚೆ ನಾನು ಗುಳಿಗೆ ಕೈಯಲ್ಲಿ ಹಿಡಿದು ಕೂತಿದ್ದೆ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ರೋಗ ಹೋಗುತ್ತ ಹೋಗುತ್ತ ನನ್ನ ಗೆಳತಿಯನ್ನೂ ಒಯ್ಯುತ್ತಿದೆ ಅನಿಸಿತು. ಹೇಳದೆ ಇರಬಹುದಿತ್ತೇ ಎಂದರೆ, ಇರಲಾಗುತ್ತಿರಲಿಲ್ಲ. ಆದರೂ ಸಂಜೆಯಾದರೆ ಬಾಗಿಲ ಕಡೆ ನೋಡುತ್ತಿದ್ದೆ.

ಬಬಲೇಶ್ವರದಲ್ಲಿ ಆರೋಗ್ಯ ಸಿಬ್ಬಂದಿ ಸಾವಿತ್ರಿಯನ್ನು ಹುಡುಕಿ ರಕ್ತ ತೆಗೆದರು. ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಅಕ್ಕಾ, ನನಗೂ ಅದ ಐತಂತ. ಗುಳಿಗಿ ಸುರು ಮಾಡ್ಯಾರ."

"ಜ್ವರ ಬರತಿತ್ತೇನು ನಿನಗ?"

"ದಿನಾ ಸಂಜಿಕ. ಯಾರಿಗೆ ಹೇಳ್ಲಿ? ಮೊದಲ ಕೂಸು ಕಳಕೊಂಡು ಬಂದಾಕಿ, ಮ್ಯಾಲ ಜಡ್ಡಿನಾಕಿ ಅನ್ನಿಸಿಕೊಳ್ಳಲೇನು? ಮೈ ಬಿಸಿ ಆದ್ರ ಹಿತ್ತಲಕ ಹೋಗಿ ಕೂಡತಿದ್ದೆ. ಅಕ್ಕಾ, ಡಾಕ್ಟರ್ನ ಕೇಳಿದೆ. ಕೂಸು ಹೋಗೂದಕ್ಕ ಇದ ಕಾರಣ ಇರಬಹುದು ಅಂದ್ರು. ಐತಿ ಅಂತ ಅನ್ನಲಿಲ್ಲ. ಖಾತ್ರಿ ಹೇಳಾಕ ಈಗ ಆಗೂದಿಲ್ಲಂತ. ನನಗ 'ಇರಬಹುದು' ಅಂದ್ರೂ ಸಾಕಾಗೇತಿ."

ನನ್ನ ರಕ್ತಪರೀಕ್ಷೆ ಚಳಿಗಾಲದಲ್ಲೇ ಆಗಿದ್ದರೆ, ಆಡು ಕಂದು ಹಾಕಿದ ದಿನವೇ ಯಾರಾದರೂ ದನಗಳ ಡಾಕ್ಟರನ್ನು ಕರೆಸಿದ್ದರೆ, ಬಸುರಿ ಅಲ್ಲಿ ನಿಲ್ಲಬಾರದು ಎಂದು ನಮ್ಮಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ. ಇಂಥ 'ರೆ'ಗಳನ್ನು ನಾನು ಮಷೀನು ತುಳಿಯುವಾಗ ಈಗಲೂ ಲೆಕ್ಕವಿಲ್ಲದಷ್ಟು ಹೊಲಿಯುತ್ತೇನೆ, ಬಿಚ್ಚುತ್ತೇನೆ. ಡಾಕ್ಟರು ಕೊಟ್ಟ ಗುಳಿಗೆ ಆ ಕೆಲಸ ನಿಲ್ಲಿಸಲಿಲ್ಲ.

ದಸರೆ ಕಳೆದ ಮೇಲೆ ಗಂಗಕ್ಕ ನನ್ನ ಬಾಗಿಲಿಗೆ ಬಂದಳು. ತೊಳೆದ ಸೀರೆ ಉಟ್ಟಿದ್ದಳು. ಕೈಯಲ್ಲಿ ಚೀಲ.

"ಬಬಲೇಶ್ವರಕ್ಕ ಹೊಂಟೀನಿ. ಒಬ್ಬಾಕಿಗೆ ಹೋಗಾಕ ಧೈರ್ಯ ಆಗವಲ್ತು. ಬರ್ತೀಯೇನು?"

ಪರಸು ಯಾಕೆ ಹೋಗುತ್ತಿಲ್ಲ ಎಂದು ಕೇಳಲಿಲ್ಲ. ಅವನು ಸಾವಿತ್ರಿಯ ರಿಪೋರ್ಟು ಬಂದ ದಿನದಿಂದ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೇರೆ ಹೆಣ್ಣಿನ ಮಾತು ತಾನಾಗಿ ನಿಂತಿತ್ತು. ವಿಜಯಪುರದಲ್ಲಿ ಬಸ್ಸು ಬದಲಿಸಿ ಬಬಲೇಶ್ವರಕ್ಕೆ ಹೋದೆವು. ಸಂತೆಯ ದಿನ, ಬಸ್ಸಿನ ತುಂಬ ಕಾಯಿಪಲ್ಲೆಯ ಚೀಲಗಳು. ಗಂಗಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಆದರೆ ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಸಾವಿತ್ರಿ ಅಣ್ಣನ ಮನೆಯ ಪಡಸಾಲೆಯಲ್ಲಿ ಮಷೀನು ಹಾಕಿಕೊಂಡಿದ್ದಳು. ಮೈ ಸ್ವಲ್ಪ ತುಂಬಿತ್ತು. ನಮ್ಮನ್ನು ನೋಡಿ ಎದ್ದು, ಚಾಪೆ ಹಾಸಿ, ನೀರು ಕೊಟ್ಟಳು, ಚಹಾ ಮಾಡಿದಳು. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಗಂಗಕ್ಕ ಚೀಲದಿಂದ ಹೊಸ ಸೀರೆ ತೆಗೆದು ಮುಂದಿಟ್ಟಳು.

"ತಪ್ಪಾತವಾ. ಮನಿಗೆ ನಡಿ."

ಸಾವಿತ್ರಿ ಸೀರೆಯನ್ನು ಮುಟ್ಟಲಿಲ್ಲ. ಸಿಟ್ಟಿನ ಮುಖವೂ ಇರಲಿಲ್ಲ.

"ಅತ್ತಿ, ಆ ಆಡು ಕಂದು ಹಾಕಿದ ದಿನಾ ನೀವು ಏನ್ ಮಾಡಿದ್ರಿ, ನೆನಪೈತೇನ್ರಿ? ಅದರ ಬಾಯಾಗ ಬೆಲ್ಲ ಇಟ್ರಿ. ಬೆಚ್ಚಗ ಗೋಣಿಚೀಲ ಹೊಚ್ಚಿದ್ರಿ. 'ಪಾಪ, ಮೂಕ ಜೀವ, ಎಷ್ಟ ನೊಂದೈತೋ' ಅಂದ್ರಿ. ನಾನೂ ಅಲ್ಲೇ ನಿಂತು ನೋಡಿದ್ದೆ. ನನ್ನ ಅತ್ತಿ ಎಷ್ಟ ಚಲೋ ಅದಾರ ಅಂದ್ಕೊಂಡಿದ್ದೆ." ದನಿ ಒಂದಿಷ್ಟೂ ಏರಲಿಲ್ಲ. "ನನಗ ಹಂಗಾದಾಗ ಯಾರೂ ಬಾಯಾಗ ಬೆಲ್ಲ ಇಡಲಿಲ್ರಿ. ರಿಪೋರ್ಟು ಬರೂತನಾ ನಂದು ತಪ್ಪಿತ್ತು. ರಿಪೋರ್ಟು ಬಂದ ಮ್ಯಾಲ ಸೀರಿ ಬಂತು. ನಾಳೆ ಮತ್ತೇನರ ಆದ್ರ, ಅದಕ್ಕೂ ಒಂದು ರಿಪೋರ್ಟು ಎಲ್ಲಿಂದ ತರಲಿ?"

ಗಂಗಕ್ಕ ಸೀರೆಯ ಅಂಚನ್ನೇ ಹಿಸುಕುತ್ತ ಕೂತಳು. ನಾನು ಏನಾದರೂ ಹೇಳಲಿ ಎಂದು ನನ್ನ ಕಡೆ ನೋಡಿದಳು. ನಾನು ಖಾಲಿ ಕಪ್ಪುಗಳನ್ನು ಎತ್ತಿಟ್ಟೆ. ಹೊರಡುವಾಗ ಸಾವಿತ್ರಿ ಬಸ್ ಸ್ಟ್ಯಾಂಡಿನವರೆಗೂ ಬಂದಳು. ಗುಳಿಗೆ ಪೂರ್ತಿ ಮುಗಿಸಿದ್ದಾಳೆ, ಜ್ವರ ಮತ್ತೆ ಬಂದಿಲ್ಲ. ಮುಂದೆ ಬಸಿರಾದರೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಅದನ್ನು ಅವಳು ನನ್ನ ಕಿವಿಯಲ್ಲಿ ಮಾತ್ರ ಹೇಳಿದಳು.

ಬಸ್ಸು ಹೊರಟಿತು. ವಿಜಯಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಟಿಕೋಟಾ ದಾಟಿದೆವು. ಎರಡೂ ಕಡೆ ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು. ಆಮೇಲೆ, ಬಹಳ ಸಣ್ಣ ದನಿಯಲ್ಲಿ, ನನ್ನ ಕಡೆ ತಿರುಗದೆಯೇ ಗಂಗಕ್ಕ ಅಂದಳು:

"ಮೆಹರೂ, ಆ ಕೂಸು ಗಂಡೋ ಹೆಣ್ಣೋ, ನಾ ಅಕಿನ್ನ ಕೇಳಲೇ ಇಲ್ಲ ನೋಡು."

ನಾನೂ ಕೇಳಿರಲಿಲ್ಲ.